ಆರ್ಟ್ ಟೇಟಮ್ ನುಡಿಸಿದ ಹಾಡುಗಳು

ಕೇಳುಗರಿಗೆ ನಮಸ್ಕಾರ.

ಇವತ್ತು ಒಬ್ಬ ಪಿಯಾನೋ ವಾದಕರ ಬಗ್ಗೆ ಮಾತಾಡಬೇಕು ಅನಿಸಿದೆ. ಹೆಸರು ಆರ್ಟ್ ಟೇಟಮ್. 1909ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಟೊಲಿಡೋದಲ್ಲಿ ಹುಟ್ಟಿದವರು. ಚಿಕ್ಕಂದಿನಿಂದಲೇ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಒಂದು ಕಣ್ಣಿಗೆ ಮಾತ್ರ ಸ್ವಲ್ಪ ದೃಷ್ಟಿಯಿತ್ತು.

1933ರ ಮಾರ್ಚ್‌ನಲ್ಲಿ ಅವರು ಒಬ್ಬರೇ ಕೂತು ನಾಲ್ಕು ಹಾಡು ಧ್ವನಿಮುದ್ರಿಸಿದರು. ಅದರಲ್ಲೊಂದು 'ಟೀ ಫಾರ್ ಟೂ'. ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳ ಸಂಗೀತ ನಾಟಕವೊಂದರ ಹಾಡು ಅದು, ಯಾರು ಬೇಕಾದರೂ ಗುನುಗಬಹುದು. ಟೇಟಮ್ ಕೈಗೆ ಬಂದಾಗ ಅದು ಎಷ್ಟು ದೊಡ್ಡದಾಗುತ್ತದೆ ಗೊತ್ತಾ? ಎಡಗೈ ಕೆಳಗಿನ ಒಂದು ಸ್ವರ ಮುಟ್ಟಿ, ತಕ್ಷಣ ಮಧ್ಯಕ್ಕೆ ಹಾರಿ ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತುತ್ತದೆ. ಮತ್ತೆ ಕೆಳಕ್ಕೆ. ಇದಕ್ಕೆ ಸ್ಟ್ರೈಡ್ ಅಂತಾರೆ. ಅದರ ಮೇಲೆ ಬಲಗೈ ಸರಸರನೆ ಇಳಿದು ಬರುತ್ತದೆ. ಒಬ್ಬರೇ ನುಡಿಸುತ್ತಿದ್ದಾರೆ ಅಂದರೆ ನಂಬೋದು ಕಷ್ಟ.

ಆದರೆ ನನ್ನನ್ನು ಹಿಡಿದಿಟ್ಟಿರುವುದು ವೇಗವಲ್ಲ. ಅವರು ಹಾಡಿನ ಧಾಟಿಯನ್ನು ಹಾಗೇ ಉಳಿಸಿಕೊಂಡು ಅದರ ಕೆಳಗಿನ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು, ಬದಲಿಸುತ್ತಾರೆ. ಮನೆ ಅಲುಗದ ಹಾಗೆ ಅಡಿಪಾಯ ಹೊಸದಾಗಿ ಕಟ್ಟಿದಂತೆ. ಕೆಲವೊಮ್ಮೆ ಹಾಡಿನ ಶ್ರುತಿ ಬಿಟ್ಟು ಬೇರೆ ಶ್ರುತಿಗೆ ದೂರ ಹೋಗಿಬಿಡುತ್ತಾರೆ. ದಾರಿ ತಪ್ಪಿದರು ಅಂದುಕೊಳ್ಳುವಷ್ಟರಲ್ಲಿ ಸರಿಯಾದ ಜಾಗಕ್ಕೆ ಬಂದು ನಿಂತಿರುತ್ತಾರೆ.

ಸ್ವರಗಳು ಜಾಸ್ತಿಯಾದವು, ಮೂಲ ಧಾಟಿಯಿಂದ ಹೊರಗೆ ಬರುವುದೇ ಇಲ್ಲ ಎಂದು ಕೆಲವು ವಿಮರ್ಶಕರು ದೂರಿದರು. ನನಗೆ ಹಾಗನಿಸುವುದಿಲ್ಲ. ಧಾಟಿಯನ್ನು ಬಿಡದೆ ಇಷ್ಟು ಹೊಸದು ಹುಡುಕುವುದು ಅದರಿಂದ ಹೊರಗೆ ಹೋಗುವುದಕ್ಕಿಂತ ಕಷ್ಟ ಅಲ್ವಾ?

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು 3 ನಿಮಿಷ ಮಾತ್ರ ಹಿಡಿಸುತ್ತಿತ್ತು. ಟೇಪು, ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. 1953ರ ಡಿಸೆಂಬರ್‌ನಲ್ಲಿ ರೆಕಾರ್ಡ್ ನಿರ್ಮಾಪಕ ನಾರ್ಮನ್ ಗ್ರಾಂಜ್, ಟೇಟಮ್‌ರನ್ನು ಸ್ಟುಡಿಯೋಗೆ ಕರೆಸಿ, ಮನಸ್ಸಿಗೆ ಬಂದದ್ದು ನುಡಿಸಿ ಎಂದು ಬಿಟ್ಟರು. ಎರಡೇ ದಿನದಲ್ಲಿ 60ಕ್ಕೂ ಜಾಸ್ತಿ ಹಾಡು! ಹೆಚ್ಚಿನವು ಒಂದೇ ಸಲಕ್ಕೆ ಮುಗಿದವು. ಮುಂದಿನ ಮುದ್ರಣಗಳೂ ಸೇರಿ ಒಟ್ಟು ನೂರು ದಾಟಿತು. ಅದಾಗಿ ಮೂರು ವರ್ಷ ತುಂಬುವ ಮೊದಲೇ, 1956ರ ನವೆಂಬರ್ 5ರಂದು, ಟೇಟಮ್ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 47 ವರ್ಷ.

ಈಗ 1933ರ 'ಟೀ ಫಾರ್ ಟೂ' ಕೇಳೋಣ. ಬಲಗೈ ತಾನಾಗಿಯೇ ಕಿವಿಗೆ ಬೀಳುತ್ತದೆ. ನೀವು ಎಡಗೈಯನ್ನು ಹಿಂಬಾಲಿಸಿ.