ಓಝೋನ್ ಏರಿದ್ದು ಯಾವುದರಿಂದ? ಗಾಳಿಯಲ್ಲಿ ಉಳಿದ ಕುರುಹುಗಳು

[ದೃಶ್ಯ: ಬಾಗಿಸಿ ಕಟ್ಟಿದ ರಬ್ಬರ್ ಪಟ್ಟಿ, ಅದರ ಬೆನ್ನಿನ ಮೇಲೆ ಕೂದಲೆಳೆಯಂಥ ಬಿರುಕುಗಳು]

ನಮಸ್ಕಾರ. 1950ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಗಾಳಿಯ ಓಝೋನನ್ನು ಇಂಥ ರಬ್ಬರ್ ಪಟ್ಟಿಯಿಂದಲೂ ಅಳೆಯುತ್ತಿದ್ದರು. ಬಿರುಕು ಎಷ್ಟು ಬೇಗ ಮೂಡಿತು, ಎಷ್ಟು ಆಳಕ್ಕಿಳಿಯಿತು ಎಂಬುದೇ ಅಳತೆ. ವಾಹನಗಳೂ ತೈಲ ಸಂಸ್ಕರಣಾಗಾರಗಳೂ ಬಿಡುವ ಆವಿಯ ಮೇಲೆ ಬಿಸಿಲು ಬಿದ್ದಾಗ ಆ ಊರಿನ ಕಣ್ಣುರಿಸುವ ಹೊಗೆಮಂಜು ಹುಟ್ಟುತ್ತದೆಂದು ತೋರಿಸಿಕೊಟ್ಟವರು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್.

ನೆಲಮಟ್ಟದ ಓಝೋನನ್ನು ಯಾವ ಚಿಮಣಿಯೂ ನೇರವಾಗಿ ಉಗುಳುವುದಿಲ್ಲ. ನೈಟ್ರೋಜನ್ ಆಕ್ಸೈಡುಗಳು ಮತ್ತು ಸಾವಯವ ಆವಿಗಳು, ಅಂದರೆ ಇಂಗಾಲದ ಸಂಯುಕ್ತಗಳ ಆವಿಗಳು, ಬಿಸಿಲಿನಲ್ಲಿ ವರ್ತಿಸಿ ಅದನ್ನು ಸೃಷ್ಟಿಸುತ್ತವೆ. ಎರಡರಲ್ಲಿ ಯಾವುದನ್ನು ತಗ್ಗಿಸಬೇಕೆಂಬುದೇ ನಿಜವಾದ ಪ್ರಶ್ನೆ. ಓಝೋನ್ ಮಾಪಕದ ಅಂಕಿಯೊಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಡೀಸೆಲ್ ಲಾರಿಗಳು ವಿರಳವಾಗಿ ನೈಟ್ರೋಜನ್ ಆಕ್ಸೈಡ್ ಇಳಿದರೂ, ಓಝೋನ್ ಮಾತ್ರ ಎಷ್ಟೋ ವರ್ಷ ವಾರದ ದಿನಗಳಿಗಿಂತ ಹೆಚ್ಚೇ ಇರುತ್ತಿತ್ತು. ಅಟ್ಲಾಂಟಾದ ಕಥೆ ಬೇರೆ. ಅಲ್ಲಿನ ಮರಗಳೇ ಐಸೋಪ್ರೀನ್ ಎಂಬ ಆವಿಯನ್ನು ಧಾರಾಳವಾಗಿ ಬಿಡುವುದರಿಂದ, ವಾಹನಗಳ ಸಾವಯವ ಆವಿಯನ್ನಷ್ಟೇ ತಗ್ಗಿಸಿದರೆ ಹೆಚ್ಚು ಪ್ರಯೋಜನವಾಗದೆಂದು 1988ರ ಅಧ್ಯಯನವೊಂದು ತೋರಿಸಿತು.

[ದೃಶ್ಯ: ಎರಡು ದಾರಿಗಳ ರೇಖಾಚಿತ್ರ]

ಓಝೋನನ್ನು ಹುಟ್ಟಿಸುವ ಸರಪಳಿಯನ್ನು ನಡೆಸುವುದು ರ್‍ಯಾಡಿಕಲ್‌ಗಳೆಂಬ ಅಲ್ಪಾಯುಷಿ ಕಣಗಳು. ಅವು ಕೊನೆಗೊಳ್ಳುವ ರೀತಿಯಲ್ಲೇ ಸುಳಿವು ಅಡಗಿದೆ. ನೈಟ್ರೋಜನ್ ಆಕ್ಸೈಡ್ ಹೇರಳವಾಗಿದ್ದಲ್ಲಿ ಅವು ನೈಟ್ರೋಜನ್ ಡೈಆಕ್ಸೈಡನ್ನು ಕೂಡಿ ನೈಟ್ರಿಕ್ ಆಮ್ಲವಾಗುತ್ತವೆ. ಅದು ವಿರಳವಾಗಿದ್ದಲ್ಲಿ ತಮ್ಮತಮ್ಮಲ್ಲೇ ಕೂಡಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತವೆ. ಹಾಗಾಗಿ ಮಧ್ಯಾಹ್ನದ ಗಾಳಿಯಲ್ಲಿ ಪೆರಾಕ್ಸೈಡ್ ಮತ್ತು ಆಮ್ಲಗಳ ಅನುಪಾತ ಹೆಚ್ಚಿದ್ದರೆ ನೈಟ್ರೋಜನ್ ಆಕ್ಸೈಡನ್ನು ಇಳಿಸಬೇಕು, ಕಡಿಮೆಯಿದ್ದರೆ ಸಾವಯವ ಆವಿಯ ಕಡೆ ಗಮನ ಹರಿಸಬೇಕು. ಮಿಶಿಗನ್ ವಿಶ್ವವಿದ್ಯಾಲಯದ ಸ್ಯಾನ್‌ಫೋರ್ಡ್ ಸಿಲ್ಮನ್ 1995ರಲ್ಲಿ ಇಂಥ ಅನುಪಾತಗಳನ್ನೇ ಸೂಚಕಗಳಾಗಿ ಮುಂದಿಟ್ಟರು. ಕುದಿಯುವ ಹಾಲನ್ನು ಕಾಣದೆಯೂ ಪಾತ್ರೆಯ ಅಂಚಿಗೆ ಅಂಟಿದ ಕೆನೆಯಿಂದ ಅದು ಎಲ್ಲಿಯವರೆಗೆ ಉಕ್ಕಿತ್ತೆಂದು ಹೇಳಬಲ್ಲೆವಲ್ಲ, ಇದೂ ಹಾಗೆಯೇ.

[ದೃಶ್ಯ: ಉಪಗ್ರಹದ ನಕ್ಷೆ]

ಇಡೀ ಪ್ರದೇಶವನ್ನು ಒಮ್ಮೆಗೇ ನೋಡಲು ಉಪಗ್ರಹಗಳಿವೆ. 2004ರಲ್ಲಿ ಹಾರಿಬಿಟ್ಟ ಆರಾ ಉಪಗ್ರಹದ ಉಪಕರಣವೂ 2017ರಲ್ಲಿ ಹಾರಿದ ಟ್ರೊಪೊಮಿ ಎಂಬ ಉಪಕರಣವೂ ಫಾರ್ಮಾಲ್ಡಿಹೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಎರಡನ್ನೂ ಅಳೆಯುತ್ತವೆ. ಮೊದಲನೆಯದು ಸಾವಯವ ಆವಿಯ ಕುರುಹು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಅನುಪಾತ 1ಕ್ಕಿಂತ ಕೆಳಗಿದ್ದರೆ ಸಾವಯವ ಆವಿಯನ್ನೂ, 2ಕ್ಕಿಂತ ಮೇಲಿದ್ದರೆ ನೈಟ್ರೋಜನ್ ಆಕ್ಸೈಡನ್ನೂ ತಗ್ಗಿಸುವುದು ಫಲಕಾರಿ ಎಂದು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಗಡಿ ಹಾಕಿತು. ನಡುವಿನದು ಸಂಕ್ರಮಣ ವಲಯ.

ಈ ಗಡಿಗಳನ್ನು ಎಲ್ಲ ಊರುಗಳಿಗೂ ಕಣ್ಣುಮುಚ್ಚಿ ಅನ್ವಯಿಸುವುದು ತಪ್ಪು ಎಂದೇ ನಾನು ಭಾವಿಸುತ್ತೇನೆ. ಉಪಗ್ರಹ ನೋಡುವುದು ನಾವು ಉಸಿರಾಡುವ ಎತ್ತರದ ಗಾಳಿಯನ್ನಷ್ಟೇ ಅಲ್ಲ, ಅದರ ಮೇಲಿನ ಇಡೀ ಕಂಬವನ್ನು. ನೆಲದ ಮೇಲೂ ತೊಡಕುಗಳಿವೆ: ನೈಟ್ರಿಕ್ ಆಮ್ಲ ಮಳೆಯಲ್ಲಿ ತೊಳೆದುಹೋಗುತ್ತದೆ, ಎಲೆಗಳಿಗೂ ಕೊನೆಗೆ ಮಾಪಕದ ಕೊಳವೆಯ ಒಳಗೋಡೆಗೂ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಹೋದಷ್ಟು ಆಮ್ಲ ಲೆಕ್ಕದಿಂದ ತಪ್ಪಿದಾಗ ಅನುಪಾತ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.