ಬಿಲ್ಲಾದದ್ದೆಲ್ಲ ಮಾರಾಟವಲ್ಲ

ಕೇಳುಗರಿಗೆ ನಮಸ್ಕಾರ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ವಿತರಕರ ಗೋದಾಮಿಗೆ ಕಾಲಿಟ್ಟವರಿಗೆ ಚಾನೆಲ್ ಸ್ಟಫಿಂಗ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಫೆಬ್ರುವರಿಯಲ್ಲಿ ಬಂದ ಸೋಪಿನ ಪೆಟ್ಟಿಗೆಗಳೇ ಛಾವಣಿ ಮುಟ್ಟಿರುವಾಗ ಬಾಗಿಲಿಗೆ ಇನ್ನೊಂದು ಲಾರಿ ಬಂದು ನಿಲ್ಲುತ್ತದೆ. ಕಂಪನಿಯ ಸೇಲ್ಸ್ ಆಫೀಸರು, "ಟಾರ್ಗೆಟ್ ಮುಗಿಯಬೇಕು ಸಾರ್, ಇದೊಂದು ಲೋಡ್ ಬಿಲ್ ಮಾಡಿಸಿಕೊಳ್ಳಿ, ಸ್ಕೀಮ್ ಕೊಡಿಸುತ್ತೇನೆ, ಹೋಗದಿದ್ದರೆ ಏಪ್ರಿಲ್‌ನಲ್ಲಿ ವಾಪಸ್ ತೆಗೆದುಕೊಳ್ಳೋಣ" ಎಂದು ದುಂಬಾಲು ಬೀಳುತ್ತಾರೆ. ಬೇಡಿಕೆಯಿಲ್ಲದ ಸರಕನ್ನು ಹೀಗೆ ವಿತರಕರ ತಲೆಗೆ ಕಟ್ಟಿ, ಅದನ್ನು ಆ ವರ್ಷದ ಮಾರಾಟವೆಂದು ಲೆಕ್ಕದಲ್ಲಿ ತೋರಿಸುವುದೇ ಚಾನೆಲ್ ಸ್ಟಫಿಂಗ್. ಬಿಲ್ಲಾದ ಮಾತ್ರಕ್ಕೆ ಮಾಲು ಮಾರಾಟವಾಗುವುದಿಲ್ಲ, ಬಳಸುವವರು ದುಡ್ಡು ಕೊಟ್ಟು ಮನೆಗೆ ಒಯ್ದಾಗಲೇ ಅದು ಮಾರಾಟ. ಇಂದು ನಾನು ಹೇಳಬೇಕಾಗಿರುವುದು ಇಷ್ಟೇ.

ಇದಕ್ಕೆ ಅಮೆರಿಕದ ಸನ್‌ಬೀಮ್ ಕಂಪನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಂದರ್ಭ ಸಿಕ್ಕಾಗಲೆಲ್ಲ ನಾನು ಈ ಕಥೆಯನ್ನು ಹೇಳುತ್ತೇನೆ. ಮಿಕ್ಸರ್, ಟೋಸ್ಟರ್, ಮನೆಯಂಗಳದಲ್ಲಿ ಮಾಂಸ ಸುಡುವ ಗ್ರಿಲ್ ಮುಂತಾದವನ್ನು ತಯಾರಿಸುತ್ತಿದ್ದ ಈ ಕಂಪನಿ ಸೊರಗಿದ್ದಾಗ, 1996ರ ಜುಲೈನಲ್ಲಿ ಆಲ್ಬರ್ಟ್ ಡನ್‌ಲ್ಯಾಪ್ ಅದರ ಮುಖ್ಯಸ್ಥನಾದ. ಹೋದ ಕಂಪನಿಗಳಲ್ಲೆಲ್ಲ ಕೆಲಸಗಾರರನ್ನು ನಿರ್ದಯವಾಗಿ ಕಡಿತಗೊಳಿಸುತ್ತಿದ್ದ ಕಾರಣ ಅವನಿಗೆ 'ಚೈನ್‌ಸಾ', ಅಂದರೆ ಮರ ಕೊಯ್ಯುವ ಯಂತ್ರಗರಗಸ, ಎಂಬ ಅಡ್ಡಹೆಸರೇ ಬಿದ್ದಿತ್ತು. ಅವನು ಬರುತ್ತಾನೆಂಬ ಸುದ್ದಿಗೇ ಷೇರಿನ ಬೆಲೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಇನ್ನು ಆ ನಿರೀಕ್ಷೆಗೆ ತಕ್ಕ ಲಾಭವನ್ನು ತೋರಿಸಲೇಬೇಕಲ್ಲ! ಗ್ರಿಲ್ ಬೇಸಿಗೆಯ ಸರಕು. ಚಳಿಗಾಲದಲ್ಲಿ ಅದನ್ನು ಕೇಳುವವರಿಲ್ಲ. ಆದರೂ 1997ರ ಕೊನೆಯ ತಿಂಗಳುಗಳಲ್ಲಿ ಸನ್‌ಬೀಮ್ ಅಂಗಡಿ ಸರಪಳಿಗಳಿಗೆ ಭಾರಿ ರಿಯಾಯಿತಿ ಕೊಟ್ಟು, ಹಣವನ್ನು ತಿಂಗಳುಗಟ್ಟಲೆ ತಡವಾಗಿ ಕೊಟ್ಟರೂ ಸಾಕೆಂದು ಒಪ್ಪಿ, ಗ್ರಿಲ್‌ಗಳನ್ನು ಬಿಲ್ ಮಾಡಿತು. ತಮಾಷೆಯೆಂದರೆ, ಅವುಗಳಲ್ಲಿ ಎಷ್ಟೋ ಗ್ರಿಲ್‌ಗಳು ಅಂಗಡಿಯನ್ನು ತಲುಪಲೇ ಇಲ್ಲ. ಸನ್‌ಬೀಮ್ ತಾನೇ ಬಾಡಿಗೆ ಕೊಟ್ಟು ಹಿಡಿದಿದ್ದ ಗೋದಾಮುಗಳಲ್ಲಿ ಕುಳಿತವು. ಬೇಸಿಗೆಯಲ್ಲಿ ಆಗಬೇಕಿದ್ದ ಮಾರಾಟವನ್ನು ಚಳಿಗಾಲದಲ್ಲೇ ಬರೆದುಕೊಂಡಾದ ಮೇಲೆ ಬೇಸಿಗೆಗೆ ಉಳಿಯುವುದೇನು? 1998ರ ಮೊದಲ ತ್ರೈಮಾಸಿಕದಲ್ಲಿ ಕಂಪನಿ ನಷ್ಟ ತೋರಿಸಿತು, ಜೂನ್‌ನಲ್ಲಿ ಆಡಳಿತ ಮಂಡಳಿ ಡನ್‌ಲ್ಯಾಪ್‌ನನ್ನು ಮನೆಗೆ ಕಳುಹಿಸಿತು. ಲೆಕ್ಕವನ್ನು ಮತ್ತೆ ಬರೆದಾಗ 1997ರ ಲಾಭ ಸುಮಾರು 109 ದಶಲಕ್ಷ ಡಾಲರಿನಿಂದ 38 ದಶಲಕ್ಷಕ್ಕೆ ಇಳಿಯಿತು. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಡನ್‌ಲ್ಯಾಪ್ ತಪ್ಪನ್ನು ಒಪ್ಪಿಕೊಳ್ಳದೆಯೇ ಐದು ಲಕ್ಷ ಡಾಲರ್ ದಂಡ ಕಟ್ಟಿ, ಜನರಿಗೆ ಷೇರು ಮಾರಿದ ಇನ್ನಾವ ಕಂಪನಿಗೂ ಮುಖ್ಯಸ್ಥನಾಗದಂತೆ ನಿಷೇಧಕ್ಕೊಳಗಾದ. ಬಿಲ್ಲುಗಳು ಇದ್ದವು, ಗ್ರಿಲ್‌ಗಳೂ ಇದ್ದವು. ಕೊಂಡು ಒಯ್ದವರು ಮಾತ್ರ ಇರಲಿಲ್ಲ.

ಕಥೆಯೇ ಬಹಳ ಸಮಯ ತೆಗೆದುಕೊಂಡಿತು; ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಔಷಧ ತಯಾರಿಸುವ ಬ್ರಿಸ್ಟಲ್ ಮಯರ್ಸ್ ಸ್ಕ್ವಿಬ್ ಕಂಪನಿಯೂ ಸಗಟು ವ್ಯಾಪಾರಿಗಳಿಗೆ ಅಗತ್ಯಕ್ಕಿಂತ ಹೆಚ್ಚು ಮಾಲು ತುಂಬಿಸಿದ ಆರೋಪಕ್ಕಾಗಿ 2004ರಲ್ಲಿ 150 ದಶಲಕ್ಷ ಡಾಲರ್ ಕಟ್ಟಬೇಕಾಯಿತು. ನಮ್ಮ ವ್ಯಾಪಾರಿಗಳು ಕಂಪನಿಯಿಂದ ವಿತರಕರಿಗೆ ಹೋದದ್ದನ್ನು ಪ್ರೈಮರಿ ಎಂದೂ ವಿತರಕರಿಂದ ಅಂಗಡಿಗಳಿಗೆ ಹೋದದ್ದನ್ನು ಸೆಕೆಂಡರಿ ಎಂದೂ ಕರೆಯುತ್ತಾರೆ. ಪ್ರೈಮರಿ ಏರುತ್ತಲೇ ಇದ್ದು ಸೆಕೆಂಡರಿ ಕದಲದಿದ್ದರೆ, ಮಾಲು ಗೋದಾಮಿನಲ್ಲಿ ಕುಳಿತಿದೆ ಎಂದೇ ತಿಳಿಯಿರಿ. ಷೇರು ಕೊಳ್ಳುವ ನಮ್ಮ ತರುಣರು ವಾರ್ಷಿಕ ವರದಿಯ ಮೊದಲ ಪುಟದ ಬಣ್ಣದ ಚಿತ್ರಗಳನ್ನು ನೋಡಿ ಮುಗಿಸುತ್ತಾರೆ. ದಯವಿಟ್ಟು ಬ್ಯಾಲೆನ್ಸ್ ಶೀಟಿನಲ್ಲಿ ಬರಬೇಕಾದ ಬಾಕಿಯ ಸಾಲನ್ನೂ ಓದಿ. ಮಾರಾಟ ಶೇ. 10ರಷ್ಟು ಏರಿ ಬಾಕಿ ಶೇ. 40ರಷ್ಟು ಏರಿದ್ದರೆ, ದುಡ್ಡು ಕೊಡದವರಿಗೆ ಮಾಲು ಹೋಗಿದೆ ಎಂದರ್ಥ. ಅದನ್ನು ನಾನಂತೂ ಮಾರಾಟವೆನ್ನುವುದಿಲ್ಲ.

ವಾಹನಗಳ ವಿಷಯದಲ್ಲಿ ಇದನ್ನು ಪತ್ತೆಹಚ್ಚುವುದು ಇನ್ನೂ ಸುಲಭ. ತಯಾರಕರು ಪ್ರತಿ ತಿಂಗಳು ಸಾರುವುದು ಡೀಲರುಗಳಿಗೆ ರವಾನಿಸಿದ ಸಂಖ್ಯೆಯನ್ನು. ಡೀಲರುಗಳ ಒಕ್ಕೂಟವಾದ ಫಾಡಾ ಪ್ರಕಟಿಸುವುದು ಕೊಂಡವರ ಹೆಸರಿಗೆ ನೋಂದಣಿಯಾದ ವಾಹನಗಳ ಸಂಖ್ಯೆಯನ್ನು. 2024ರ ಹಬ್ಬಗಳ ಹೊತ್ತಿಗೆ ಡೀಲರುಗಳ ಬಳಿ 80ರಿಂದ 85 ದಿನಗಳ ಮಾರಾಟಕ್ಕೆ ಸಾಲುವಷ್ಟು ಕಾರುಗಳು ನಿಂತಿವೆಯೆಂದು ಫಾಡಾ ಕಳವಳ ವ್ಯಕ್ತಪಡಿಸಿತ್ತು. ಬರುವ ತಿಂಗಳು ಈ ಎರಡೂ ಅಂಕಿಗಳು ಪತ್ರಿಕೆಯಲ್ಲಿ ಬಂದಾಗ ಅಕ್ಕಪಕ್ಕ ಇಟ್ಟು ಓದಿ. ನಮಸ್ಕಾರ.