ಒಡೆಯಲೆಂದೇ ಕಟ್ಟಿದ ಕುಲುಮೆ

ಕೇಳುಗ ಬಂಧುಗಳೇ, ನಮಸ್ಕಾರ.

ನನ್ನ ಅಂಗೈಯಲ್ಲಿ ಈಗೊಂದು ಕರಿ ಹೆಂಟೆಯಿದೆ. ನಿಮಗೆ ಕಾಣದು, ಹೇಳುತ್ತೇನೆ ಕೇಳಿ. ಗಾತ್ರ ನಿಂಬೆಹಣ್ಣಿನಷ್ಟು, ಭಾರ ಅದಕ್ಕೂ ಮೀರಿದ್ದು. ಒಂದು ಮಗ್ಗುಲು ಬೆಲ್ಲದ ಪಾಕ ಹರಿದು ಹೆಪ್ಪುಗಟ್ಟಿದಂತೆ ನಿರಿನಿರಿಯಾಗಿದೆ. ಇನ್ನೊಂದು ಮಗ್ಗುಲ ತುಂಬ ಗುಳ್ಳೆಯೊಡೆದ ತೂತುಗಳು; ಒಂದರಲ್ಲಿ ಇದ್ದಿಲಿನ ಅಚ್ಚು ಹಾಗೇ ಉಳಿದಿದೆ. ಇದು ಕಬ್ಬಿಣದ ಕಿಟ್ಟ, ಅಂದರೆ ಅದಿರು ಕಾಯಿಸಿ ಕಬ್ಬಿಣ ತೆಗೆಯುವಾಗ ಹೊರಬಿದ್ದ ಕಸರು. ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನ ಹೊಲವೊಂದರಲ್ಲಿ ಸಿಕ್ಕಿತು.

ಕಪ್ಪತಗುಡ್ಡವೆಂದರೆ ಚಿನ್ನದ ಮಾತೇ ಮೊದಲು ಬರುತ್ತದೆ. ನನಗೆ ಅಲ್ಲಿಯ ಕಬ್ಬಿಣವೇ ದೊಡ್ಡದು. ಹಳೆಗನ್ನಡದಲ್ಲಿ ಅದು ‘ಕರ್ಬುನ’, ಅಂದರೆ ಕರಿಯ ಹೊನ್ನು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದಲ್ಲಿ ಎಂ. ಎಸ್. ನಾಗರಾಜರಾವ್ 1965ರ ಸುಮಾರಿಗೆ ಉತ್ಖನನ ನಡೆಸಿದಾಗ ಸಿಕ್ಕ ಕಬ್ಬಿಣದ ಬಾಣದ ಮೊನೆಗಳಿಗೆ ಹತ್ತಿರ ಹತ್ತಿರ 3,000 ವರ್ಷ ವಯಸ್ಸು. ನಮ್ಮ ಸೀಮೆಯ ಈ ವಿದ್ಯೆ ಅಷ್ಟು ಹಳೆಯದು.

ಕುಲುಮೆ ಹೇಗಿರುತ್ತಿತ್ತು? ಹೊಟ್ಟು ಬೆರೆಸಿ ತುಳಿದ ಮಣ್ಣಿನ ಗೋಪುರ, ಆಳೆತ್ತರವೂ ಇಲ್ಲ. ಬುಡ ಅಗಲ, ಬಾಯಿ ಕಿರಿದು. ಮೇಲಿನಿಂದ ಇದ್ದಿಲು ಒಂದು ಪದರ, ಕುಟ್ಟಿ ಆರಿಸಿದ ಅದಿರು ಒಂದು ಪದರ. ಬುಡದಲ್ಲಿ ಮಣ್ಣಿನ ಕೊಳವೆ, ಅದರ ಹಿಂದೆ ತೊಗಲಿನ ತಿದಿ ಎರಡು. ಒಂದು ಉಬ್ಬುವಾಗ ಇನ್ನೊಂದು ಊದಬೇಕು. ಗಾಳಿ ನಿಂತರೆ ಇಡೀ ದಿನದ ದುಡಿಮೆ ಮಣ್ಣುಪಾಲು. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಈ ಕುಲುಮೆ ಅಷ್ಟು ಕಾಯುತ್ತಿರಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಸುಮಾರು 1,200 ಡಿಗ್ರಿಗೆ ಕಲ್ಲಿನಂಶ ಕರಗಿ ಕಿಟ್ಟವಾಗಿ ಹರಿದುಹೋಗುತ್ತಿತ್ತು. ಇದ್ದಿಲಿನ ಅನಿಲ ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು, ಒಳಗೆ ಸ್ಪಂಜಿನಂಥ ಕಬ್ಬಿಣದ ಮುದ್ದೆ ಉಳಿಯುತ್ತಿತ್ತು. ಅದನ್ನು ತೆಗೆಯಬೇಕಾದರೆ ಮುಂದಿನ ಗೋಡೆ ಒಡೆಯಲೇಬೇಕು. ಕೆಂಪಗೆ ಕಾದ ಮುದ್ದೆಯನ್ನು ಇಕ್ಕಳದಲ್ಲಿ ಹಿಡಿದೆಳೆದು ಬಡಿದು ಬಡಿದು ಕಿಟ್ಟ ಹೊರಗೆಡಹಿದ ಮೇಲೆಯೇ ಕುಡ, ಕುಡುಗೋಲು. ಮರುಸಲಕ್ಕೆ ಮತ್ತೆ ಮಣ್ಣು ತುಳಿದು ಗೋಡೆ ಕಟ್ಟುವುದು. ದೇವಾಲಯ ಕಟ್ಟಿದವರನ್ನು ಕೊಂಡಾಡುತ್ತೇವೆ, ಸರಿಯೇ. ಆ ಕಲ್ಲು ಕೆತ್ತಿದ ಉಳಿಯ ಹಿಂದೆ ಇಂಥ ಮಣ್ಣಿನ ಗೂಡೊಂದು ಇತ್ತು.

ಒಂದು ಪಾಲು ಕಬ್ಬಿಣಕ್ಕೆ ಹಲವು ಪಾಲು ಇದ್ದಿಲು ಬೇಕಿತ್ತು. ಗುಡ್ಡದ ಮರ ತೀರುತ್ತ ಬಂತು. 1878ರ ಅರಣ್ಯ ಕಾಯ್ದೆ ಸೌದೆಗೂ ಬೇಲಿ ಹಾಕಿತು. ಆಮೇಲೆ ರೈಲು ಬಂತು, ಅದರ ಜೊತೆ ವಿಲಾಯತಿಯ ಅಗ್ಗದ ಕಬ್ಬಿಣವೂ ಬಂತು.

ಆ ಹೊಲದ ಯಜಮಾನರು ಕಿಟ್ಟವನ್ನು ಆರಿಸಿ ಬದುವಿಗೆ ಎಸೆಯುತ್ತಿದ್ದರು. “ರಂಟಿ ಹೊಡಿಯಾಕ ಅಡ್ಡ ಬರ್ತಾವ್ರೀ” ಅಂದರು. ಎಸೆಯಿರಿ, ಆದರೆ ಒಂದೇ ಕಡೆ ಗುಡ್ಡೆ ಹಾಕಿರಿ ಎಂದು ಕೇಳಿಕೊಂಡೆ. ನಿಮ್ಮನ್ನೂ ಅದನ್ನೇ ಕೇಳುತ್ತೇನೆ. ಜೊತೆಗೆ, ಒಂದು ತುದಿ ಸುಟ್ಟು ಗಾಜಿನಂತಾದ ಮಣ್ಣಿನ ಕೊಳವೆಯ ಚೂರು ಸಿಕ್ಕರೆ ಜೋಪಾನವಾಗಿ ತೆಗೆದಿಡಿ. ಅದು ತಿದಿಯ ಗಾಳಿ ಒಳಗೆ ಹೋದ ದಾರಿ; ಕುಲುಮೆ ನಿಂತಿದ್ದು ಅಲ್ಲೇ ಆಸುಪಾಸಿನಲ್ಲಿ.